ಯಾವ ಬೀದಿಗೆ ಎಷ್ಟು ಸಾಲ?

ಷಿಕಾಗೋದ 26ನೇ ಬೀದಿ ಲಿಟಲ್ ವಿಲೇಜಿನ ಪೇಟೆಬೀದಿ. ಅಲ್ಲಿ ಮೆಕ್ಸಿಕೋ ಮೂಲದವರ ಬೇಕರಿ, ದಿನಸಿ, ಬಟ್ಟೆ ಅಂಗಡಿಗಳೇ ಸಾಲುಸಾಲು. ಇಂಥ ಅಂಗಡಿಗೆ ಹೊಸ ಓವನ್ನೋ ಫ್ರಿಜ್ಜೋ ಹಾಕಿಸಲು ಹತ್ತಿಪ್ಪತ್ತು ಸಾವಿರ ಡಾಲರ್ ಸಾಕು. ಆದರೆ ಅಷ್ಟು ಸಣ್ಣ ಸಾಲ ಬ್ಯಾಂಕಿನಲ್ಲಿ ಹುಟ್ಟುವುದೇ ಕಷ್ಟ. 20,000ದ ಅರ್ಜಿ ಪರಿಶೀಲಿಸಲು ಹೆಚ್ಚುಕಡಿಮೆ 2 ಲಕ್ಷದ ಅರ್ಜಿಯಷ್ಟೇ ಕೆಲಸ, ಬರುವ ಬಡ್ಡಿ ಮಾತ್ರ ಹತ್ತರಲ್ಲೊಂದು ಪಾಲು.

ಇನ್ನೊಂದು ತೊಡಕು ತೆರಿಗೆ ಕಾಗದದ್ದು. ಒಬ್ಬರೇ ನಡೆಸುವ ವ್ಯಾಪಾರದ ಲೆಕ್ಕ ‘ಶೆಡ್ಯೂಲ್ ಸಿ’ ನಮೂನೆಯಲ್ಲಿರುತ್ತದೆ. ಖರ್ಚೆಲ್ಲ ಕಳೆದು 31ನೇ ಸಾಲಿನಲ್ಲಿ ತೋರಿಸುವ ಲಾಭ ಇಳಿದಷ್ಟೂ ತೆರಿಗೆ ಇಳಿಯುತ್ತದೆ. ಕಂತು ಕಟ್ಟುವ ತಾಕತ್ತನ್ನು ಬ್ಯಾಂಕು ಅಳೆಯುವುದೂ ಅದೇ ಸಾಲಿನಿಂದ. 2020ರ ಕೋವಿಡ್ ನೆರವಿನ ಪಿಪಿಪಿ ಸಾಲಕ್ಕೂ ಮೊದಲು ಇದನ್ನೇ ಹಿಡಿದರು. ಕೆಲಸಗಾರರಿಲ್ಲದೆ ಒಬ್ಬರೇ ದುಡಿಯುವ, ನಿವ್ವಳ ಲಾಭ ತೋರಿಸದ ವ್ಯಾಪಾರಿಗಳಿಗೆ ಏನೂ ಸಿಗಲಿಲ್ಲ. 7ನೇ ಸಾಲಿನ ಒಟ್ಟು ಆದಾಯವನ್ನು ಲೆಕ್ಕಕ್ಕೆ ಹಿಡಿಯಲು 2021ರ ಮಾರ್ಚ್ ಬರಬೇಕಾಯಿತು.

ಬ್ಯಾಂಕು ಬಿಟ್ಟ ಜಾಗಕ್ಕೆ ನುಗ್ಗುವುದು ‘ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್’, ಅಂದರೆ ಅಂಗಡಿಯ ಮುಂದಿನ ವ್ಯಾಪಾರದಿಂದ ವಸೂಲಿ ಮಾಡಿಕೊಳ್ಳುವ ಮುಂಗಡ. 20,000 ಡಾಲರ್ ಕೊಟ್ಟು, 1.4ರಿಂದ ಗುಣಿಸಿ 28,000 ವಸೂಲಿ ಮಾಡುತ್ತಾರೆ ಎನ್ನಿ. ಆರು ತಿಂಗಳ 130 ಕೆಲಸದ ದಿನಗಳಲ್ಲಿ ದಿನಕ್ಕೆ ಸುಮಾರು 215 ಡಾಲರ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಕೇಳಲು ನೂರಕ್ಕೆ ನಲವತ್ತು. ಅಸಲು ದಿನವೂ ತೀರುತ್ತಿರುವುದರಿಂದ ನಿಜವಾದ ವಾರ್ಷಿಕ ದರ ಶೇ 140ರ ಆಸುಪಾಸು. ಬೇಗ ತೀರಿಸಿದರೂ ಸಾಮಾನ್ಯವಾಗಿ ರಿಯಾಯಿತಿ ಇಲ್ಲ. ವ್ಯಾಪಾರ ಬಿದ್ದ ವಾರ ಖಾತೆ ಬರಿದಾಗುತ್ತದೆ, ಮೊದಲಿನದನ್ನು ಕಟ್ಟಲು ಎರಡನೆಯದನ್ನು ಎತ್ತುತ್ತಾರೆ. ಅಂಗಡಿ ಮುಳುಗುವುದು ಅಲ್ಲಿಂದಲೇ. ಬೆಳಿಗ್ಗೆ 900 ಪಡೆದು ಸಂಜೆ 1,000 ಎಣಿಸುವ ನಮ್ಮ ಮಾರುಕಟ್ಟೆಗಳ ಮೀಟರ್ ಬಡ್ಡಿ ಇನ್ನೂ ಕ್ರೂರ ನಿಜ; ಆದರೆ ಕರಾರುಪತ್ರ ಇದೆ ಎಂದಮಾತ್ರಕ್ಕೆ ಇದನ್ನು ಬೇರೆ ಜಾತಿ ಎನ್ನಲು ನಾನು ಒಪ್ಪುವುದಿಲ್ಲ.

ಈ ವಿಷಯದಲ್ಲಿ ಅಮೆರಿಕ ನಮ್ಮಿಂದ ಕಲಿಯಬೇಕು. 2020ರ ಪಿಎಂ ಸ್ವನಿಧಿಯಲ್ಲಿ ಬೀದಿ ವ್ಯಾಪಾರಿಗೆ ಮೊದಲು 10,000 ರೂಪಾಯಿ, ತೀರಿಸಿದರೆ 20,000, ಆಮೇಲೆ 50,000. 2025ರಲ್ಲಿ ಮೊದಲೆರಡು ಹಂತ 15,000 ಮತ್ತು 25,000ಕ್ಕೆ ಏರಿದವು. ಅಡಮಾನ ಬೇಡ, ನಗರಸಭೆ ಕೊಟ್ಟ ವ್ಯಾಪಾರದ ಪ್ರಮಾಣಪತ್ರ ಅಥವಾ ಶಿಫಾರಸು ಪತ್ರ ಸಾಕು. ಕಟ್ಟಿದ ಕಂತೇ ಮುಂದಿನ ಸಾಲಕ್ಕೆ ಜಾಮೀನು. ಸಾವಿರ ಡಾಲರಿನಿಂದ ಶುರುವಾಗಿ ಹೀಗೆ ಮೇಲೇರುವ ಮೆಟ್ಟಿಲು ಅಮೆರಿಕದ ದೊಡ್ಡ ಬ್ಯಾಂಕುಗಳಲ್ಲಿ ಇರಬೇಕಿತ್ತು.

ಆದರೆ ಲೆಕ್ಕ ಒಪ್ಪಿಸುವುದರಲ್ಲಿ ಅಮೆರಿಕ ಮುಂದಿದೆ. 1930ರ ದಶಕದಲ್ಲಿ ಕರಿಯರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು ‘ಅಪಾಯ’ ಎಂದು ಗುರುತಿಸಿದ ದೇಶವಿದು. ಅಂಥ ಅನ್ಯಾಯಕ್ಕೆ ಉತ್ತರವಾಗಿ 1977ರಲ್ಲಿ ಸಮುದಾಯ ಮರುಹೂಡಿಕೆ ಕಾಯ್ದೆ ಬಂತು. ಅದರಡಿ ದೊಡ್ಡ ಬ್ಯಾಂಕುಗಳು ಸಣ್ಣ ವ್ಯಾಪಾರದ ಸಾಲದ ಲೆಕ್ಕವನ್ನು ಸುಮಾರು 4,000 ಜನರಿರುವ ಜನಗಣತಿ ತುಣುಕುಗಳ ಪ್ರಕಾರ ಒಪ್ಪಿಸಬೇಕು. ಪ್ರತಿ ತುಣುಕಿಗೆ ಒಟ್ಟು ಎಷ್ಟು ಹೋಯಿತೆಂಬುದು ಪ್ರತಿ ವರ್ಷ ಪ್ರಕಟವಾಗುತ್ತದೆ. ಸಾಲಗಾರರ ಜನಾಂಗ ಮಾತ್ರ ಈ ಲೆಕ್ಕದಲ್ಲಿಲ್ಲ. ಅದನ್ನು ಸಂಗ್ರಹಿಸಬೇಕೆಂದು 2010ರಲ್ಲೇ ಕಾನೂನಾದರೂ ನಿಯಮ ಬಂದದ್ದು 2023ರಲ್ಲಿ, ಆಮೇಲೆ ಗಡುವುಗಳೂ ಮುಂದೆ ಹೋದವು.

ನಮ್ಮಲ್ಲಿ ಬ್ಯಾಂಕು ಸಾಲದ ಶೇ 40 ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಹೋಗಬೇಕೆಂಬ ಗುರಿಯಿದೆ, ಅಲ್ಪಸಂಖ್ಯಾತರು ಹೆಚ್ಚಿರುವ 121 ಜಿಲ್ಲೆಗಳ ಮೇಲೆ ನಿಗಾ ಇದೆ. ಆದರೆ ಹೊರಗೆ ಕಾಣುವುದು ಹೆಚ್ಚಾಗಿ ಜಿಲ್ಲೆಯ ಲೆಕ್ಕ. ಗೋರಿಪಾಳ್ಯವೂ ಜಯನಗರವೂ ‘ಬೆಂಗಳೂರು ನಗರ’ ಎಂಬ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ. ಸಾಲದ ಕಡತದಲ್ಲಿ ಅಂಗಡಿಯ ವಿಳಾಸ ಹೇಗೂ ಇದೆ. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ ಪಿನ್‌ಕೋಡ್ ಪ್ರಕಾರ ಅಂಕಿ ಕೊಡಲಿ. ಅದು ಸಾಲ ಕೊಟ್ಟ ಶಾಖೆಯ ಪಿನ್‌ಕೋಡ್ ಆಗದೆ ಅಂಗಡಿ ಇರುವ ಜಾಗದ್ದಾಗಿರಲಿ.