ಒಡೆದದ್ದು ಸ್ಕ್ರೀನ್, ಲ್ಯಾಪ್‌ಟಾಪ್ ಅಲ್ಲ

ಇವತ್ತು ಮಡಿಕೇರಿಯ ಅಂಗಡಿಯೊಂದರಲ್ಲಿ ಕಂಡದ್ದನ್ನು ಬರೆಯದೆ ಇರೋಕೆ ಆಗ್ತಿಲ್ಲ. ಎಂಜಿನಿಯರಿಂಗ್ ಓದೋ ಹುಡುಗಿ, ಜೊತೆಗೆ ಅವಳ ಅಪ್ಪ. ಲ್ಯಾಪ್‌ಟಾಪ್ ತೆರೆದರೆ ಎಡಮೂಲೆಯಿಂದ ಬಿರುಕು ಹರಡಿತ್ತು. ಕೌಂಟರಿನವರು ಅದನ್ನು ಆನ್ ಕೂಡ ಮಾಡಿ ನೋಡಲಿಲ್ಲ. "ಇದು ಹೋಯ್ತು ಸರ್, ಹೊಸದು ತಗೊಳ್ಳಿ, ಇಎಂಐ ಇದೆ" ಅಂದರು. ಅಪ್ಪ ಸುಮ್ಮನೆ ತಲೆಯಾಡಿಸಿದರು. ಸುರಿಯೋ ಮಳೆಗಾಲ, ಕಾಫಿ ಕೊಯ್ಲಾಗಿ ದುಡ್ಡು ಕೈ ಸೇರೋದು ಇನ್ನೆಷ್ಟೋ ತಿಂಗಳಿಗೆ. ಇಂಥ ಹೊತ್ತಲ್ಲಿ ಒಂದು ಮನೆಯನ್ನು ಸಾಲಕ್ಕೆ ತಳ್ಳೋ ಮುಂಚೆ ಐದು ನಿಮಿಷ ಪರೀಕ್ಷೆ ಮಾಡೋಕೂ ಆಗಲ್ವಾ?

ಒಡೆದ ಸ್ಕ್ರೀನ್ ನೋಡೋಕೆ ಭಯಂಕರ, ಆದರೆ ಲ್ಯಾಪ್‌ಟಾಪಿನಲ್ಲಿ ಸುಲಭವಾಗಿ ಬದಲಾಯಿಸಬಹುದಾದ ಭಾಗಗಳಲ್ಲಿ ಅದೂ ಒಂದು. ಮೊದಲು ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಕೀ ಜೊತೆ ಪಿ ಒತ್ತಿ. ಟಿವಿಯಲ್ಲಿ ಚಿತ್ರ ಸರಿಯಾಗಿ ಬಂದರೆ ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಬೋರ್ಡ್, ಬಹುಮಟ್ಟಿಗೆ ಕ್ಷೇಮ. ಅದೇ ಹೊತ್ತಿಗೆ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಪರೀಕ್ಷೆ ಹತ್ತಿರ ಇದ್ದರೆ ಟಿವಿಯಲ್ಲೇ ಕೆಲಸ ನಡೆಸಬಹುದು, ಅವಸರದಲ್ಲಿ ಏನನ್ನೂ ಕೊಳ್ಳಬೇಕಾಗಿಲ್ಲ.

ಬಿರುಕಿಲ್ಲದೆ ಬರೀ ಕಪ್ಪಾಗಿದ್ದರೆ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರೋದು ಪರದೆಗೆ ಹಿಂದಿನಿಂದ ಬೆಳಕು ಕೊಡೋ ಬ್ಯಾಕ್‌ಲೈಟ್. ಮುಚ್ಚಳ ಹಿಂದೆಮುಂದೆ ಆಡಿಸಿದಾಗ ಗೆರೆ ಬಂದುಹೋದರೆ ಪರದೆಗೆ ಹೋಗೋ ಒಳಗಿನ ಕೇಬಲ್ ಮೇಲೆ ಅನುಮಾನ ಪಡಿ. ಕೇಬಲ್ಲೇ ಕಾರಣವಾಗಿದ್ದರೆ ಪ್ಯಾನೆಲ್, ಅಂದರೆ ಚಿತ್ರ ಮೂಡೋ ಪರದೆ, ಕೊಳ್ಳೋದೇ ದಂಡ.

ಪ್ಯಾನೆಲ್ಲೇ ಹೋಗಿದ್ದರೆ ಲ್ಯಾಪ್‌ಟಾಪಿನ ಮಾಡೆಲ್ ಹೇಳಿ ಆರ್ಡರ್ ಮಾಡಬೇಡಿ. ಒಂದೇ ಮಾಡೆಲ್‌ಗೆ ಕಂಪನಿಯವರು ಮೂರು ನಾಲ್ಕು ಥರದ ಪ್ಯಾನೆಲ್ ಹಾಕಿರ್ತಾರೆ. ಬಿಚ್ಚಿ, ಪ್ಯಾನೆಲ್ ಹಿಂದಿನ ಸ್ಟಿಕ್ಕರ್ ಓದಬೇಕು. ಎನ್‌ಟಿ156ಡಬ್ಲ್ಯುಎಚ್‌ಎಂ ಅಂತಿದ್ದರೆ 15.6 ಇಂಚು, 1366x768, ಅಂದರೆ ಎಚ್‌ಡಿ. ಎನ್‌ವಿ156ಎಫ್‌ಎಚ್‌ಎಂ ಅಂತಿದ್ದರೆ 1920x1080, ಅಂದರೆ ಫುಲ್ ಎಚ್‌ಡಿ. ಕನೆಕ್ಟರ್ 30 ಪಿನ್ನೋ 40 ಪಿನ್ನೋ, ಪಕ್ಕದಲ್ಲಿ ಸ್ಕ್ರೂ ಹಾಕೋ ಕಿವಿ ಇದೆಯೋ ಇಲ್ಲವೋ, ಇವೂ ಹೊಂದಬೇಕು. ಹೇಗೂ ಹಾಕಿಸ್ತೀವಿ, ಫುಲ್ ಎಚ್‌ಡಿನೇ ಹಾಕಿಸೋಣ ಅನ್ನೋರು ಕೇಬಲ್ ವಿಚಾರಿಸಿಕೊಳ್ಳಿ. ಎರಡೂ 30 ಪಿನ್ನೇ ಆದರೂ ಹಳೇ ಎಚ್‌ಡಿ ಕೇಬಲ್ಲಿನಲ್ಲಿ ಹಲವು ಸಲ ಚಿತ್ರದ ಮಾಹಿತಿ ಹರಿಯೋ ದಾರಿ (ಲೇನ್) ಒಂದೇ ಇರುತ್ತೆ, ಫುಲ್ ಎಚ್‌ಡಿಗೆ ಎರಡು ಬೇಕು. ಕೇಬಲ್ ಬದಲಾಯಿಸದಿದ್ದರೆ ಚಿತ್ರವೇ ಬರಲ್ಲ, ಕೊನೆಗೆ ಪ್ಯಾನೆಲ್ಲಿಗೆ ಕೆಟ್ಟ ಹೆಸರು.

ಎಚ್‌ಡಿ ಪ್ಯಾನೆಲ್ ಕೂಲಿ ಸೇರಿ ಸುಮಾರು ಮೂರರಿಂದ ನಾಲ್ಕೂವರೆ ಸಾವಿರ, ಫುಲ್ ಎಚ್‌ಡಿ ಆರೇಳು ಸಾವಿರದೊಳಗೆ. ಟಚ್ ಸ್ಕ್ರೀನ್ ಮಾತ್ರ ಬೇರೆ ಲೆಕ್ಕ, ಗಾಜು ಸಮೇತ ಇಡೀ ಜೋಡಣೆ ಬದಲಾಗಬೇಕಾಗಿ ಹತ್ತು ಸಾವಿರ ದಾಟಬಹುದು. ಇಲ್ಲಿ ಸಿಗದಿದ್ದರೆ ಮೈಸೂರಿಂದಲೋ ಬೆಂಗಳೂರಿನ ಎಸ್‌ಪಿ ರೋಡಿಂದಲೋ ತರಿಸಿಕೊಡಿ ಅಂತ ಕೇಳಿ.

"ಅಷ್ಟು ಕೊಡೋ ಬದಲು ಇನ್ನಷ್ಟು ಸೇರಿಸಿ ಹೊಸದೇ ತಗೋಬಹುದಲ್ಲ" ಅಂತ ಬಹಳ ಜನ ಅಂತಾರೆ. ಇಪ್ಪತ್ತೈದು ಸಾವಿರದ ಸುತ್ತಮುತ್ತ ಸಿಗೋ ಹೊಸದರಲ್ಲಿ ಎಷ್ಟೋ ಸಲ ಇಂಟೆಲ್‌ನ ಕೆಳದರ್ಜೆಯ ಸೆಲೆರಾನ್ ಪ್ರೊಸೆಸರ್ ಇರುತ್ತೆ. ಎಂಟನೇ ತಲೆಮಾರಿನ ಹಳೇ ಐ5ರ ಮುಂದೆ ಅದು ನಿಲ್ಲೋದೇ ಇಲ್ಲ. ಹೊಸ ಡಬ್ಬದ ಆಸೆಗೆ ನಿಧಾನದ ಮೆಷಿನ್ ತಂದು ಮಗು ನಾಲ್ಕು ವರ್ಷ ಒದ್ದಾಡಬೇಕಾ?

ಹಾಗಂತ ಎಲ್ಲವನ್ನೂ ರಿಪೇರಿ ಮಾಡಿಸಿ ಅಂತ ನಾನು ಹೇಳಲ್ಲ. ಒಡೆದದ್ದು ಸ್ಕ್ರೀನ್, ತೀರ್ಮಾನ ಮಾಡಬೇಕಾದ್ದು ಉಳಿದ ಭಾಗ ನೋಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಂಟನೇ ತಲೆಮಾರಿಗಿಂತ ಹಳೆಯವಕ್ಕೆ, ಒಂದೆರಡು ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಅಂಥ ಮೆಷಿನ್, ಬೋರ್ಡಿಗೇ ಬೆಸೆದ 4 ಜಿಬಿ ರ‍್ಯಾಮ್, ಉಬ್ಬಿದ ಬ್ಯಾಟರಿ, ಇವೆಲ್ಲ ಒಟ್ಟಿಗಿದ್ದರೆ ಪ್ಯಾನೆಲ್ಲಿಗೆ ದುಡ್ಡು ಸುರೀಬೇಡಿ. ಎಸ್‌ಎಸ್‌ಡಿ (ಫೈಲುಗಳು ಇರೋ ಡ್ರೈವ್) ತೆಗೆದು ಯುಎಸ್‌ಬಿ ಕೇಸಿಗೆ ಹಾಕಿಕೊಂಡರೆ ಅದಾದರೂ ಉಳಿಯುತ್ತೆ. 8 ಜಿಬಿ, ಎಸ್‌ಎಸ್‌ಡಿ, ಎಂಟನೇ ತಲೆಮಾರು ಅಥವಾ ಮೇಲಿನದು ಆಗಿದ್ದರೆ ಕಣ್ಣು ಮುಚ್ಚಿಕೊಂಡು ಸ್ಕ್ರೀನ್ ಹಾಕಿಸಿ.

ಹಾಕಿಸುವಾಗ ಹಿಂಜ್, ಅಂದರೆ ಮುಚ್ಚಳದ ಕೀಲು, ನೋಡದೆ ಬಿಡಬೇಡಿ. ಹಿಂಜ್ ಬಿಗಿಯಾದರೆ ಮುಚ್ಚಳ ತೆರೆದಾಗೆಲ್ಲ ಆ ಎಳೆತ ಪ್ಯಾನೆಲ್ ಮೂಲೆಗೇ ಬೀಳುತ್ತೆ. ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ ಹಿತ್ತಾಳೆ ನಟ್ಟುಗಳು ಕಿತ್ತು ಬರೋದೂ ಇದರಿಂದಲೇ. ಅದನ್ನು ಸಡಿಲ ಮಾಡದೆ ಹೊಸ ಪ್ಯಾನೆಲ್ ಹಾಕಿದರೆ ಅದೇ ಮೂಲೆಯಲ್ಲಿ ಮತ್ತೆ ಬಿರುಕು.

ಇನ್ನೊಂದು, ಕೆಲಸ ಮಾಡೋರ ಎದುರೇ ನಿಂತು ಹೇಳಿ: ಮೊದಲು ಬ್ಯಾಟರಿ ಕನೆಕ್ಟರ್ ತೆಗೀರಿ ಅಂತ. ಪವರ್ ಆಫ್ ಮಾಡಿದ್ದರೆ ಸಾಲದು. ಬ್ಯಾಟರಿ ಇರುವಾಗ ಡಿಸ್‌ಪ್ಲೇ ಕೇಬಲ್ ಕೀಳೋಕೆ ಹೋಗಿ ಪಿನ್ನು ಪಿನ್ನು ತಾಗಿದರೆ ಮದರ್‌ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಸುಡುತ್ತೆ, ಹೊಸ ಪ್ಯಾನೆಲ್ ಹಾಕಿದರೂ ಕತ್ತಲೆ. ಆಮೇಲೆ "ಬೋರ್ಡೂ ಹೋಗಿದೆ" ಅನ್ನೋ ಮಾತು ಬರುತ್ತೆ. ಕೇಬಲ್ಲನ್ನು ಮೇಲಕ್ಕೆ ಎತ್ತಬಾರದು. ಟೇಪ್ ಬಿಡಿಸಿ, ಲಾಕ್ ಇದ್ದರೆ ಎತ್ತಿ, ಅಡ್ಡಕ್ಕೆ ನೇರ ಎಳೀಬೇಕು.

ಬೆಜೆಲ್ (ಪರದೆ ಸುತ್ತಲಿನ ಚೌಕಟ್ಟು) ಮುಚ್ಚೋ ಮುಂಚೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣ ಪೂರ್ತಿ ಪರದೆಗೆ ಹಾಕಿಸಿ, ಸತ್ತ ಪಿಕ್ಸೆಲ್ ಇದೆಯಾ ನೋಡಿ. ಪ್ಯಾನೆಲ್ ನಂಬರೂ ವಾರಂಟಿ ಎಷ್ಟು ತಿಂಗಳು ಅನ್ನೋದೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಆ ಹುಡುಗಿಯ ಮನೆಯವರಿಗೆ ಗೊತ್ತಿರೋರು ಯಾರಾದರೂ ಈ ಬರಹ ನೋಡಿದರೆ ದಯವಿಟ್ಟು ಇವತ್ತೇ ತಲುಪಿಸಿ. ಇಎಂಐ ಕಾಗದಕ್ಕೆ ಅವರು ಇನ್ನೂ ಸಹಿ ಹಾಕಿರಲಿಲ್ಲ.