ಹೊಸ ಟೆಲಿಸ್ಕೋಪಾ, ಇರೋದಕ್ಕೇ ಐಪೀಸಾ?

ಮೊನ್ನೆ ಮಂಡಿಪೇಟೆಯಲ್ಲಿ ಗೆಳೆಯರೊಬ್ಬರು ಸಿಕ್ಕಿದ್ದರು. ಮಗನಿಗೆ ಕೊಡಿಸಿದ ಟೆಲಿಸ್ಕೋಪ್ ಅಟ್ಟ ಸೇರಿದೆಯಂತೆ. "ಏನೂ ಸರಿಯಾಗಿ ಕಾಣಲ್ಲ ಕಣ್ರಿ. ದೊಡ್ಡದು ತಗೊಳ್ಳೋಣ್ವಾ, ಇಲ್ಲ ಇದಕ್ಕೇ ಲೆನ್ಸು ಗಿನ್ಸು ತರಿಸೋಣ್ವಾ?" ಅಂತ ಕೇಳಿದರು. ಬಿಸಿಲಲ್ಲಿ ನಿಂತು ಹೇಳಿ ಮುಗಿಸೋ ಮಾತಲ್ಲ ಇದು. ನಾನೇ ಎರಡು ವರ್ಷ ಇದೇ ಪ್ರಶ್ನೆ ಇಟ್ಟುಕೊಂಡು ಒದ್ದಾಡಿದ್ದೇನೆ.

ನನ್ನದು 76 ಮಿಲಿಮೀಟರ್ ಕನ್ನಡಿಯದು. ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರೋ ಜಾಗಕ್ಕಿರೋ ದೂರ, 700 ಮಿಲಿಮೀಟರ್. ಡಬ್ಬದ ಮೇಲೆ 525 ಪಟ್ಟು ಅಂತ ದಪ್ಪ ಅಕ್ಷರದಲ್ಲಿತ್ತು. ಲೆಕ್ಕವೇನೋ ಸರಿ. 700ನ್ನು ಕಣ್ಣಿಡೋ ಕಡೆ ಹಾಕೋ ಪುಟ್ಟ ಲೆನ್ಸ್, ಅಂದರೆ 4 ಎಂಎಂ ಐಪೀಸ್‌ನಿಂದ ಭಾಗಿಸಿದರೆ 175. ಅದರ ಜೊತೆಗೆ ಮೂರು ಪಟ್ಟು ಹಿಗ್ಗಿಸೋ ಬಾರ್ಲೋ ಲೆನ್ಸ್ ಹಾಕಿದರೆ 525. ಆದರೆ ಕನ್ನಡಿ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ದಾಟಿದ ಮೇಲೆ ಹೊಸದೇನೂ ಕಾಣುವುದಿಲ್ಲ. ನನ್ನದಕ್ಕೆ 150ರ ಹತ್ತಿರಕ್ಕೇ ನಿಲ್ಲುತ್ತದೆ. ಆಮೇಲಿನದೆಲ್ಲ ಮಜ್ಜಿಗೆಗೆ ನೀರು ಹಾಕಿದಂಗೆ. ಲೋಟ ತುಂಬುತ್ತೆ, ಅಷ್ಟೇ.

ಇದು ಗೊತ್ತಾಗೋ ಮೊದಲು ನಾನು ಆನ್‌ಲೈನ್‌ನಲ್ಲಿ ಒಂದು ಪೆಟ್ಟಿಗೆ ತರಿಸಿದೆ. ಐಪೀಸ್‌ಗಳು, ಬಣ್ಣಬಣ್ಣದ ಫಿಲ್ಟರ್‌ಗಳು, ಮೊಬೈಲ್ ಹಿಡಿದಿಡೋ ಕ್ಲಾಂಪು. ಅವತ್ತು ರಾತ್ರಿ ನನ್ನ ಮನೆಯವಳು ಒಂದು ಸಲ ಬಗ್ಗಿ ನೋಡಿ, "ಏನ್ರೀ, ಚಂದ್ರ ಹಸಿರಾಗಿದಾನೆ" ಅಂದಳು. ಚಂದ್ರನ ಫಿಲ್ಟರ್ ಹಸಿರಿತ್ತು. ಕ್ಲಾಂಪಿನ ಭಾರಕ್ಕೆ ಕೊಳವೆ ತಾನೇ ಕೆಳಗೆ ಜಾರುತ್ತಿತ್ತು. ಆ ಪೆಟ್ಟಿಗೆಯಲ್ಲಿ ಈಗ ಮಗಳು ಬಳೆ ಇಟ್ಟುಕೊಂಡಿದ್ದಾಳೆ.

ಹಾಂ, ಒಂದು ಮಾತು. ನಿಮ್ಮ ಡಬ್ಬದಲ್ಲಿ ಐಪೀಸ್‌ಗೆ ತಿರುಗಿಸಿ ಹಾಕೋ ಸೂರ್ಯನ ಫಿಲ್ಟರ್ ಇದ್ದರೆ ಇವತ್ತೇ ಬಿಸಾಕಿ. ಕಾದು ಸೀಳಿದರೆ ಕಣ್ಣೇ ಹೋಗುತ್ತದೆ. ಸೂರ್ಯನಿಗೆ ಅಂತ ಮಾಡಿದ ಫಿಲ್ಟರನ್ನು ಕೊಳವೆಯ ಮುಂದಿನ ಬಾಯಿಗೆ ಭದ್ರವಾಗಿ ಕಟ್ಟಬೇಕು.

ನಿಜವಾಗಿ ನನಗೆ ಕಾಟ ಕೊಡುತ್ತಿದ್ದದ್ದು ಕನ್ನಡಿಯೇ ಅಲ್ಲ. ಒಂದು, ಕಾಲು. ಟ್ರೈಪಾಡಿನ ಕಾಲನ್ನು ಪೂರ್ತಿ ಎಳೆದು ನಿಲ್ಲಿಸುತ್ತಿದ್ದೆ. ಮುಟ್ಟಿದರೆ ಸಾಕು, ಗುರು ಗ್ರಹ ಜೋಕಾಲಿ ಆಡುತ್ತಿತ್ತು. ಈಗ ಕಾಲು ಎಳೆಯುವುದೇ ಇಲ್ಲ. ಸ್ಟೂಲ್ ಮೇಲೆ ಕೂತು ನೋಡುತ್ತೇನೆ. ಟ್ರೈಪಾಡಿನ ನಡುವೆ ಐದು ಲೀಟರ್ ನೀರಿನ ಕ್ಯಾನ್ ಕಟ್ಟಿದ್ದೇನೆ. ಖರ್ಚು ಸೊನ್ನೆ.

ಇನ್ನೊಂದು, ನಮ್ಮ ತಾರಸಿ. ದಾವಣಗೆರೆ ಬಿಸಿಲು ನಿಮಗೆ ಗೊತ್ತಲ್ವಾ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಅದರ ಮೇಲಿಂದ ನೋಡಿದರೆ ಗ್ರಹ ಕುದಿಯೋ ನೀರಿನ ತಳದಲ್ಲಿರೋ ಕಾಸಿನಂತೆ ನಡುಗುತ್ತದೆ. ಎಷ್ಟು ದುಬಾರಿ ಐಪೀಸ್ ಹಾಕಿದರೂ ಅದೇ ಕಥೆ. ಬೆಳಗಿನ ಜಾವ ಎದ್ದು ನೋಡಿ, ಅದೇ ಟೆಲಿಸ್ಕೋಪ್ ಬೇರೆಯದೇ ಆಗಿಬಿಡುತ್ತದೆ. ಕೋಣೆಯಿಂದ ಹೊರಗೆ ತಂದ ಮೇಲೂ ಅರ್ಧ ಗಂಟೆ ಸುಮ್ನೆ ಬಿಡಬೇಕು. ಕನ್ನಡಿ ಹೊರಗಿನ ಗಾಳಿಗೆ ಹೊಂದಿಕೊಳ್ಳಬೇಕು. ಅಷ್ಟರಲ್ಲಿ ನಮ್ಮ ಕಣ್ಣೂ ಕತ್ತಲಿಗೆ ಪಳಗುತ್ತದೆ, ಮೊಬೈಲ್ ನೋಡದೆ ಕೂತರೆ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೆ ನಾನು ದೊಡ್ಡ ಜ್ಞಾನಿಯ ಥರ "ಹೊಸದು ಯಾಕ್ರೀ, ಇರೋದನ್ನೇ ಬಳಸೋಕೆ ಕಲೀರಿ" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬ ಇಳಿದದ್ದು ಚಿತ್ರದುರ್ಗದಲ್ಲಿ.

ಅಲ್ಲಿ ಪರಿಚಯದ ಮೇಷ್ಟ್ರೊಬ್ಬರ ಹತ್ತಿರ ಎಂಟು ಇಂಚಿನ, ಅಂದರೆ ಸುಮಾರು 200 ಎಂಎಂ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ಏಪ್ರಿಲ್ ಕೊನೆಯಲ್ಲಿ ಹೊಳಲ್ಕೆರೆ ಕಡೆಯ ಅವರ ತೋಟಕ್ಕೆ ಕರೆದರು. ರಾತ್ರಿ ಹತ್ತೂವರೆ. ದಕ್ಷಿಣಕ್ಕೆ ಒಮೇಗಾ ಸೆಂಟಾರಿ ಮೇಲೆ ಬಂದಿತ್ತು. ಲಕ್ಷಾಂತರ ನಕ್ಷತ್ರಗಳ ದೊಡ್ಡ ಉಂಡೆ ಅದು. ಲಂಡನ್ನಿನವರಿಗೆ ಅದು ದಿಗಂತದಿಂದ ಮೇಲೇಳುವುದೇ ಇಲ್ಲ. ನಮ್ಮ ಊರುಗಳಲ್ಲಿ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೊದಲು ನನ್ನ ಟೆಲಿಸ್ಕೋಪಲ್ಲಿ ನೋಡಿದೆವು. ಒಂದು ಹಿಡಿ ಅರಳೆ. ಹತ್ತಿ ಗಿರಣಿಯ ಊರಿನವನಿಗೆ ಬೇರೆ ಹೋಲಿಕೆ ಹೊಳೆಯಲ್ಲ. ಆಮೇಲೆ ಮೇಷ್ಟ್ರದ್ದಕ್ಕೆ ಕಣ್ಣಿಟ್ಟೆ. ಅರಳೆ ಇದ್ದ ಜಾಗದಲ್ಲಿ ರವೆ. ಸಣ್ಣ ಸಣ್ಣ ಕಾಳು, ಒಂದೊಂದೂ ಬೇರೆ ಬೇರೆ. ಮಗಳು ಸ್ಟೂಲ್ ಹತ್ತಿ ನೋಡಿ "ಅಪ್ಪಾಜಿ, ಯಾರೋ ಸಕ್ಕರೆ ಚೆಲ್ಯಾರೆ" ಅಂದಳು. ಅರ್ಧ ಗಂಟೆ ಇಳಿಯಲೇ ಇಲ್ಲ.

200 ಎಂಎಂ ಕನ್ನಡಿ ನನ್ನದಕ್ಕಿಂತ ಸುಮಾರು 7 ಪಟ್ಟು ಬೆಳಕು ಹಿಡಿಯುತ್ತದೆ. ಅಗಲದ ವರ್ಗದ ಲೆಕ್ಕ. ಆ 7 ಪಟ್ಟನ್ನು ಯಾವ ಐಪೀಸೂ ತಂದುಕೊಡಲ್ಲ. ಅರಳೆಯನ್ನು ರವೆ ಮಾಡೋದು ಕನ್ನಡಿ ಮಾತ್ರ.

ಡಾಬ್ಸೋನಿಯನ್ ಅಂದರೆ ದೊಡ್ಡ ಕನ್ನಡಿ, ಕೊಳವೆ, ಅದನ್ನು ಕೂರಿಸೋಕೆ ಮರದ ಪೆಟ್ಟಿಗೆ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪಂಥದ ಮಠದಲ್ಲಿದ್ದ ಸಂನ್ಯಾಸಿ. ಹಡಗಿನ ಕಿಟಕಿಯ ಹಳೇ ಗಾಜನ್ನು ಉಜ್ಜಿ ಕನ್ನಡಿ ಮಾಡುತ್ತಿದ್ದರು. 1967ರಲ್ಲಿ ಮಠ ಬಿಟ್ಟ ಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ಹೋಗಿಬರೋರಿಗೆಲ್ಲ ಚಂದ್ರನನ್ನು ತೋರಿಸುತ್ತಿದ್ದರು. ಈ ಮನುಷ್ಯನ ಮೇಲೆ ನನಗೆ ವಿಪರೀತ ಪ್ರೀತಿ. ಇರಲಿ.

ಹಾಗಾದರೆ ತಗೊಂಡುಬಿಡೋದಲ್ವಾ? ನಾನು ವಿಚಾರಿಸಿದಾಗ ಬೆಲೆ ಅರ್ಧ ಲಕ್ಷ ದಾಟಿತ್ತು. ದುಡ್ಡಿಗಿಂತ ದೊಡ್ಡ ತೊಡಕು, ಅದು ಆಳೆತ್ತರಕ್ಕೆ ಸ್ವಲ್ಪ ಕಡಿಮೆ, ತೂಕ ಒಂದು ಸಿಮೆಂಟ್ ಚೀಲದ ಅರ್ಧ. ನನ್ನ ಹತ್ತಿರ ಇರೋದು ಸ್ಕೂಟರು. ತಾರಸಿಯಲ್ಲೇ ಇಟ್ಟರೆ ಬೀದಿ ದೀಪದ ಬೆಳಕಲ್ಲಿ ಗೆಲಾಕ್ಸಿ, ನೆಬ್ಯುಲಾ ಎಲ್ಲ ಮುಳುಗಿಹೋಗುತ್ತವೆ.

ಹಂಗಂತ ನಡುವಿನ ಮೆಟ್ಟಿಲಿಗೆ ಮಾತ್ರ ಬೀಳಬೇಡಿ. ನಾನು ಬೀಳೋದರಲ್ಲಿದ್ದೆ. 127 ಎಂಎಂ ಕನ್ನಡಿ, ಫೋಕಲ್ ಲೆಂತ್ 1000, ಆದರೆ ಕೊಳವೆ ಅರ್ಧ ಮೀಟರಿಗೆ ಸ್ವಲ್ಪ ಹೆಚ್ಚು ಕಡಿಮೆ. ಇದು ಹೆಂಗೆ ಸಾಧ್ಯ ಅಂತ ಕೇಳಿಕೊಳ್ಳಿ. ಐಪೀಸ್ ಕೂರಿಸೋ ಫೋಕಸರ್ ಒಳಗೆ ಒಂದು ಲೆನ್ಸ್ ಸೇರಿಸಿ ಉದ್ದ ಎಳೆದಿರುತ್ತಾರೆ. ಕನ್ನಡಿಗಳನ್ನು ಒಂದೇ ಗೆರೆಗೆ ತರೋದು ಹೊಸಬರಿಗೆ ತಲೆನೋವು. ಜೊತೆಗೆ ಈಕ್ವಟೋರಿಯಲ್ ಮೌಂಟ್, ಅಂದರೆ ಆಕಾಶ ತಿರುಗೋ ಹಾಗೇ ತಿರುಗೋ ಸ್ಟ್ಯಾಂಡು ಬರುತ್ತದೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಬೇಕು. ನಮ್ಮಲ್ಲಿ ಧ್ರುವ ಇರೋದು 14 ಡಿಗ್ರಿ ಎತ್ತರದಲ್ಲಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ನಮ್ಮ ಮನೆಗಂತೂ ಪಕ್ಕದವರ ನೀರಿನ ಟ್ಯಾಂಕೇ ಧ್ರುವ. ಅಷ್ಟು ಕೆಳಗೆ ಬಗ್ಗಿಸಿದಾಗ ಕೆಲವು ಮೌಂಟ್‌ಗಳ ತೂಕದ ಗುಂಡು ಟ್ರೈಪಾಡಿನ ಕಾಲಿಗೇ ಬಡಿಯುತ್ತದೆ.

ಕೊನೆಗೆ ನಾನು ನನಗೇ ಒಂದು ಪ್ರಶ್ನೆ ಹಾಕಿಕೊಂಡೆ. ಇವತ್ತು ಕೊಳ್ಳೋದು ನಾಳೆ ದೊಡ್ಡದು ಬಂದಾಗಲೂ ಕೆಲಸಕ್ಕೆ ಬರುತ್ತಾ? ಬರೋದಾದರೆ ಕೊಳ್ಳೋಣ. ಫೋಕಸರ್ ಒಂದೂಕಾಲು ಇಂಚಿನದು, ಹಾಗಾಗಿ 32 ಎಂಎಂ ಮತ್ತು 10 ಎಂಎಂನ ಪ್ಲಾಸಲ್ ಅನ್ನೋ ಬಗೆಯ ಐಪೀಸ್ ತಗೊಂಡೆ. ಕೆಲವು ಹಳೇ ಟೆಲಿಸ್ಕೋಪ್‌ಗಳದ್ದು ಇದಕ್ಕಿಂತ ಸಣ್ಣ ಬಾಯಿ, ಅಳೆದು ನೋಡಿ. ನನ್ನದರಲ್ಲಿ 32 ಎಂಎಂ 22 ಪಟ್ಟು ಕೊಡುತ್ತದೆ, ಕೃತ್ತಿಕೆಯ ಗುಂಪು ಪೂರ್ತಿ ಒಂದೇ ನೋಟಕ್ಕೆ ಸಿಗುತ್ತದೆ. 10 ಎಂಎಂ 70 ಪಟ್ಟು, ಗುರುವಿನ ಪಟ್ಟೆ ಮತ್ತು ನಾಲ್ಕು ಚಂದ್ರರಿಗೆ ಸಾಕು. ಕನ್ನಡಿಗಳನ್ನು ಒಂದೇ ಗೆರೆಗೆ ತರೋಕೆ ಫೋಕಸರಿನ ಮುಚ್ಚಳಕ್ಕೆ ನಡುವೆ ತೂತು ಕೊರೆದುಕೊಂಡೆ. ಮಿಕ್ಕ ದುಡ್ಡು ಓಣಿಯ ಚೀಟಿಗೆ. ತಿಂಗಳಿಗೆ 3,000, ಇಪ್ಪತ್ತು ತಿಂಗಳು. ಇದು ಏಳನೆಯದು.

ಹಳೆಯದನ್ನು ಮಾರೋಣ ಅಂದುಕೊಂಡಿದ್ದೆ. ಅದಕ್ಕೆ ಮಾವ ಅಡ್ಡ ಬಂದರು. ಜಗಳೂರು ಕಡೆ ಅವರ ಹಳ್ಳಿ, ಕತ್ತಲು ಚೆನ್ನಾಗಿದೆ. ಜನವರಿಯಲ್ಲಿ ಹೋದಾಗ ನೆತ್ತಿಯ ಮೇಲಿದ್ದ ಕೆಂಪು ನಕ್ಷತ್ರ ತೋರಿಸಿ, "ಮಾವ, ಇದೇ ರೋಹಿಣಿ" ಅಂದೆ. ಅವರು ನಂಬಲಿಲ್ಲ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಅಂತ ಎಪ್ಪತ್ತು ವರ್ಷ ಹೇಳಿಕೊಂಡು ಬಂದವರು, ನಕ್ಷತ್ರವನ್ನೇ ಗುರುತು ಹಿಡಿದಿರಲಿಲ್ಲ. ಆ ಮಳೆ ಬರೋ ಹೊತ್ತಿಗೆ ಸೂರ್ಯ ರೋಹಿಣಿಯ ಹತ್ತಿರವೇ ಇರುತ್ತಾನೆ, ಅವಳು ಹಗಲಲ್ಲಿ ಮುಳುಗಿರುತ್ತಾಳೆ, ಕಾಣೋದು ಹೆಂಗೆ? ಇದನ್ನು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಳಿಯಂದ್ರೇ, ಇದನ್ನ ಇಲ್ಲೇ ಬಿಟ್ಟು ಹೋಗ್ರಿ" ಅಂದರು.

ಈಗ ಅದು ಅವರ ಮೆಕ್ಕೆಜೋಳದ ಚೀಲಗಳ ಪಕ್ಕ ನಿಂತಿದೆ, ಹಳೇ ಪಂಚೆ ಹೊದ್ದುಕೊಂಡು. ಐಪೀಸ್ ಎರಡೂ ನನ್ನ ಹತ್ತಿರ. ಹೋಗುವಾಗ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತೇನೆ.