ಬಿಟ್ಟಿ ಬೆವರು

ನನ್ನ ಜೇಬಿನಲ್ಲಿ ಯಾವಾಗಲೂ ಮೂರು ಕರ್ಚೀಫು ಇರುತ್ತವೆ. ಒಂದು ಒದ್ದೆಯಾದದ್ದು, ಒಂದು ಒದ್ದೆಯಾಗುತ್ತಿರುವುದು, ಇನ್ನೊಂದು ಒದ್ದೆಯಾಗಲಿರುವುದು. ಮೇಷ್ಟರು ಹೇಳಿಕೊಟ್ಟ ಭೂತ, ವರ್ತಮಾನ, ಭವಿಷ್ಯತ್ ಕಾಲಗಳು ನನಗೆ ಅರ್ಥವಾಗಿದ್ದೇ ಹೀಗೆ. ನನ್ನ ಅಂಗೈ ಬೆವರುತ್ತದೆ. ಅದಕ್ಕೆ ಬಿಸಿಲೇ ಬೇಕೆಂದಿಲ್ಲ. ಡಿಸೆಂಬರ್ ಬೆಳಗ್ಗೆ ಮಂಡ್ಯ ಸ್ಟೇಷನ್ನಿನಲ್ಲಿ ಎಲ್ಲರೂ ಕಿವಿಗೆ ಮಫ್ಲರ್ ಸುತ್ತಿಕೊಂಡು ಮೈಸೂರು ರೈಲಿಗೆ ಕಾಯುತ್ತಿದ್ದರೆ ನಾನೊಬ್ಬ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತೇನೆ.

ನಮ್ಮ ಕಡೆ ಬೆವರಿಗೆ ಬಹಳ ಮರ್ಯಾದೆ. ಯಾರಾದರೂ ಒಂದು ಮನೆ ಕಟ್ಟಿಸಿದರೆ "ಬೆವರು ಸುರಿಸಿ ಸಂಪಾದಿಸಿದ್ದು" ಎಂದು ಒಂದು ಮಾತಾದರೂ ಬಂದೇ ಬರುತ್ತದೆ. ನಮ್ಮೂರು ಪಾಂಡವಪುರದ ಹತ್ತಿರ. ಚಿಕ್ಕವನಿದ್ದಾಗ ಅಪ್ಪನಿಗೆ ಊಟ ತೆಗೆದುಕೊಂಡು ಆಲೆಮನೆಗೆ ಹೋಗುತ್ತಿದ್ದೆ. ಒಲೆಗೆ ಒಬ್ಬರು ಕಬ್ಬಿನ ಸಿಪ್ಪೆ ತಳ್ಳುತ್ತಿರುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಅಪ್ಪ ಬರೀ ಬನಿಯನ್ನಿನಲ್ಲಿ ನಿಂತು ಪಾಕ ತಿರುವುತ್ತಿದ್ದರು. ಅವರ ಬೆನ್ನಿನ ಮೇಲೆ ಬೆವರು ನಾಲೆಯ ಹಾಗೆ ಇಳಿಯುತ್ತಿತ್ತು. ಹೊರಗೆ ಬಂದು ಟವೆಲ್ಲಿನಲ್ಲಿ ಒಂದು ಸಲ ಒರೆಸಿ, ಟವೆಲ್ ಹಿಂಡಿ, ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಅದು ಗೇಯ್ಮೆಯ ಬೆವರು.

ನಾನು ಮಾತ್ರ ಫ್ಯಾನಿನ ಕೆಳಗೆ ಕೂತು ಲೆಕ್ಕ ಮಾಡುವಾಗ ಬೆವರುತ್ತಿದ್ದೆ. ನೋಟ್ ಪುಸ್ತಕದ ಹಾಳೆ ಅಲೆಅಲೆಯಾಗಿ ಏಳುತ್ತಿತ್ತು. ದೊಡ್ಡಪ್ಪ ಒಮ್ಮೆ ನನ್ನ ಕೈ ಹಿಡಿದು ನೋಡಿ, "ಗೇಯ್ದೆ ಇದ್ರೂ ಬೆವರ್ತಾನಲ್ಲೋ ಇವ್ನು, ಬಿಟ್ಟಿ ಬೆವ್ರು" ಅಂದರು. ಮನೆಮಂದಿಯೆಲ್ಲ ನಕ್ಕರು. ಆ ಹೆಸರು ನನಗೆ ಅಂಟಿಕೊಂಡಿತು. ಬೆವರಿಗಿಂತ ಜಾಸ್ತಿಯೇ ಅಂಟಿಕೊಂಡಿತು. ಅವ್ವ ಮಾತ್ರ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಇರುವವಳಲ್ವಾ, ಅವ್ವ ಕಾಸು ಕೊಡುವಾಗಲೂ ಸೆರಗಿಗೆ ಕೈ ಒರೆಸಿಕೊಂಡೇ ಕೊಡುತ್ತಿದ್ದಳು.

ಬೆವರು ಕೆಟ್ಟದ್ದೇನಲ್ಲ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯೂ ಬೆವರುತ್ತದೆ. ಒಳಗಿನ ನೀರು ಸಣ್ಣಗೆ ಜಿನುಗಿ, ಹೊರಗೆ ಆವಿಯಾಗಿ ಹೋಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ನೀರು ತಣ್ಣಗಾಗುತ್ತದೆ. ನಮ್ಮ ಮೈಯೂ ಮಾಡುವುದು ಅದನ್ನೇ. ಆದರೆ ಬೆವರುವ ಮಡಕೆಯನ್ನು "ಒಳ್ಳೇ ಮಡಕೆ" ಅಂತ ಹೊಗಳುತ್ತೇವೆ, ಬೆವರುವ ಮನುಷ್ಯನ ಪಕ್ಕ ಬಸ್ಸಿನಲ್ಲಿ ಕೂರುವುದಿಲ್ಲ. ಎಮ್ಮೆಗೆ ಬೆವರಿನ ಗ್ರಂಥಿಗಳು ಕಡಿಮೆ. ಅದಕ್ಕೇ ಪಾಪ, ಕೆರೆಯಲ್ಲಿ ಮೂಗು ಮಾತ್ರ ಮೇಲಿಟ್ಟು ಮಲಗುತ್ತದೆ. ನಮಗೆ 20ರಿಂದ 40 ಲಕ್ಷ ಗ್ರಂಥಿಗಳಿವೆಯಂತೆ. ಅಂಗೈ, ಅಂಗಾಲುಗಳಲ್ಲಿ ಅವು ಒತ್ತೊತ್ತಾಗಿ ಸೇರಿಕೊಂಡಿವೆ. ನನ್ನವು ಅಲ್ಲಿ ಜಾತ್ರೆಯನ್ನೇ ಮಾಡುತ್ತಿವೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇಂಕ್ ಪೆನ್ ಹಿಡಿದಿದ್ದು ನಾನು ಮಾಡಿದ ದೊಡ್ಡ ತಪ್ಪು. ರೇಖಾಗಣಿತದ ವೃತ್ತವೊಂದು ನನ್ನ ಕೈಯ ಕೆಳಗೆ ಕರಗಿ ಕೆರೆಯಾಯಿತು. ಆಮೇಲೆ ಬಾಲ್ ಪೆನ್ನು, ಕೈಯಡಿಗೆ ಕರ್ಚೀಫು. ಕೊಠಡಿಯ ಮೇಲ್ವಿಚಾರಕರು ಆ ಕರ್ಚೀಫನ್ನು ಮೂರು ಸಲ ಬಿಡಿಸಿ ನೋಡಿದರು. ಮೂರನೇ ಸಲ ತುದಿಬೆರಳಲ್ಲಿ ಹಿಡಿದು ವಾಪಸ್ ಕೊಟ್ಟರು. ದೊಡ್ಡವನಾದ ಮೇಲೆ ಕೈಕುಲುಕುವ ಕಾಟ. ಯಾರಾದರೂ ಕೈ ಚಾಚಿದರೆ ನಾನು ತಟ್ಟನೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತೇನೆ. ನನ್ನನ್ನು ಸಂಸ್ಕಾರವಂತ ಅಂದುಕೊಂಡವರು ಮೈಸೂರಿನಲ್ಲಿ ಬಹಳ ಜನ ಇದ್ದಾರೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೆ ಮಾತ್ರ ನಮಸ್ಕಾರ ನಡೆಯುವುದಿಲ್ಲ. ಅದು ನನ್ನನ್ನು ನಾನಲ್ಲ ಅನ್ನುತ್ತದೆ. ಹಿಂದಿನವರು ಗೊಣಗುತ್ತಾರೆ, ಆ ಗೊಣಗು ಕೇಳಿ ಕೈ ಇನ್ನೂ ಬೆವರುತ್ತದೆ. ಬೆವರುತ್ತದೆಯೇನೋ ಅನ್ನುವ ಭಯಕ್ಕೇ ಬೆವರುವುದು ಈ ಕಾಯಿಲೆಯ ದೊಡ್ಡ ತಮಾಷೆ.

ಕೊನೆಗೆ ಮೈಸೂರಿನಲ್ಲಿ ಚರ್ಮದ ಡಾಕ್ಟರೊಬ್ಬರ ಹತ್ತಿರ ಹೋದೆ. ಅವರು ಹಿಂಜರಿಯದೆ ಕೈ ಹಿಡಿದು ನೋಡಿದರು. ಅಷ್ಟಕ್ಕೇ ಅರ್ಧ ಫೀಸು ವಸೂಲಾಯಿತು ಅನ್ನಿಸಿತು. "ನಿದ್ದೆಯಲ್ಲಿ ಬೆವರುತ್ತಾ?" ಎಂದು ಕೇಳಿದರು. ಪಕ್ಕದಲ್ಲಿದ್ದ ಹೆಂಡತಿ "ಇಲ್ಲ, ಆಗ ಒಣಗಿರುತ್ತೆ" ಅಂದಳು. ಇಷ್ಟು ವರ್ಷದಲ್ಲಿ ಅದನ್ನು ಯಾವಾಗ ಮುಟ್ಟಿ ನೋಡಿದ್ದಳೋ! ಇದಕ್ಕೆ ಹೈಪರ್‌ಹೈಡ್ರೋಸಿಸ್ ಅಂತ ಹೆಸರಿದೆ ಅಂದರು ಡಾಕ್ಟರು. ಚಿಕ್ಕ ವಯಸ್ಸಿನಲ್ಲೇ ಶುರುವಾಗಿ, ಎರಡೂ ಕೈಗೆ ಸಮನಾಗಿ ಬಂದು, ನಿದ್ದೆಯಲ್ಲಿ ಸುಮ್ಮನಾಗುವ ಬಗೆ ಇದು. ಭಯಪಡಬೇಕಾಗಿಲ್ಲ. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರತೊಡಗಿದರೆ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರಿ ತೂಕವೂ ಇಳಿದರೆ ಮಾತ್ರ ಥೈರಾಯ್ಡ್, ಸಕ್ಕರೆ, ಕ್ಷಯ ಇವನ್ನೆಲ್ಲ ನೋಡಬೇಕಂತೆ. "ಮನೆಯಲ್ಲಿ ಯಾರಿಗಾದರೂ ಇದೆಯಾ? ವಂಶದಲ್ಲಿ ಬರುವುದುಂಟು" ಅಂದರು. ಅಪ್ಪನ ಬಿರುಕುಬಿಟ್ಟ ಒಣ ಅಂಗೈ ನೆನಪಾಯಿತು. ಇಲ್ಲ ಅಂದೆ.

ಅಂಗೈಗೆ ಬಿಸಿಲಿಗಿಂತ ಮನಸ್ಸಿನ ಮಾತು ಬೇಗ ಕೇಳಿಸುತ್ತದೆ ಎಂದು ಅವರು ವಿವರಿಸಿದರು. ಭಯವಾದಾಗ ಕೈ ಸ್ವಲ್ಪ ತೇವವಾದರೆ ಹಿಡಿತ ಚೆನ್ನಾಗಿರುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕವಂತೆ. ನನಗೆ ಥಟ್ಟನೆ ಹೊಳೆಯಿತು. ನಮ್ಮೂರಲ್ಲಿ ಗುದ್ದಲಿ ಹಿಡಿಯುವ ಮುಂಚೆ ಎಲ್ಲರೂ ಅಂಗೈಗೆ ಥೂ ಅಂತ ಉಗುಳಿಕೊಂಡು ಉಜ್ಜಿಕೊಳ್ಳುತ್ತಾರೆ. ಅವರು ಉಗುಳಿ ತರಿಸಿಕೊಳ್ಳುವ ತೇವ ನನಗೆ ದೇವರೇ ಕೊಟ್ಟಿದ್ದಾನೆ. ಆದರೆ ಅಳತೆ ತಪ್ಪಿದ್ದಾನೆ. ನನ್ನ ಕೈಗೆ ಗುದ್ದಲಿ ಕೊಟ್ಟರೆ ಅದು ಪಕ್ಕದ ಹೊಲಕ್ಕೆ ಹೋಗಿ ಬೀಳುತ್ತದೆ.

ಔಷಧಿಯಲ್ಲಿ ಮೊದಲನೆಯದು ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ. ರಾತ್ರಿ, ಕೈ ಚೆನ್ನಾಗಿ ಒಣಗಿದ ಮೇಲೆ ಹಚ್ಚಿ ಮಲಗಬೇಕು. ಬೆಳಗ್ಗೆ ತೊಳೆಯಬೇಕು. ಅದು ಬೆವರಿನ ನಾಳಗಳ ಬಾಯಿ ಕಟ್ಟುತ್ತದೆ. ಒದ್ದೆ ಕೈಗೆ ಹಚ್ಚಿದರೆ ಉರಿ. "ಒಣಗಿದ ಮೇಲೆ" ಅನ್ನುವ ಮಾತು ನನಗೆ ಹೇಳಿದ್ದಾರಲ್ಲ ಎಂದು ನಗು ಬಂತು. ಅಂಗಡಿಯಲ್ಲಿ ಸಿಗುವ ಡಿಯೋಡರೆಂಟ್ ಬರೀ ವಾಸನೆಗೆ, ಬೆವರು ತಡೆಯುವುದು ಬೇಕಾದರೆ ಡಬ್ಬಿಯ ಮೇಲೆ ಆಂಟಿಪರ್ಸ್ಪಿರೆಂಟ್ ಅಂತ ಇರಬೇಕು. ಇದು ಗೊತ್ತಿಲ್ಲದೆ ನಾನು ಹತ್ತು ವರ್ಷ ಸುಮ್ನೆ ಘಮಘಮ ಅಂತ ಬೆವರಿದ್ದೇನೆ. ಎರಡನೆಯದು ತಟ್ಟೆಯಲ್ಲಿ ನಲ್ಲಿ ನೀರು ಹಾಕಿ, ಅದರಲ್ಲಿ ಕೈಯಿಟ್ಟು, ಸಣ್ಣ ಕರೆಂಟು ಹಾಯಿಸುವುದು. ವಾರಕ್ಕೆ ಮೂರು ಸಲ, ಸುಮಾರು 20 ನಿಮಿಷ. ಮೊದಲ ದಿನ ಜುಮ್ ಅಂತು. ಕರೆಂಟ್ ಹೋದರೆ ಚಿಕಿತ್ಸೆಯೂ ಹೋಯಿತು, ಅಷ್ಟೇ ತೊಂದರೆ. ಬೊಟಾಕ್ಸ್ ಚುಚ್ಚಿಸಿಕೊಂಡರೆ ಕೆಲವು ತಿಂಗಳು ನೆಮ್ಮದಿ, ಆದರೆ ಜೇಬಿಗೆ ಬೆವರು.

ಎಲ್ಲಕ್ಕಿಂತ ಕೊನೆಯದು ಆಪರೇಷನ್. ಎದೆಯೊಳಗಿನ ನರವೊಂದನ್ನು ಕತ್ತರಿಸಿದರೆ ಕೈ ಒಣಗುತ್ತದೆ. ಆದರೆ ಎಷ್ಟೋ ಜನಕ್ಕೆ ಆಮೇಲೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಬೆವರು ಶುರುವಾಗುತ್ತದಂತೆ. ಮಂಡ್ಯದವನಿಗೆ ಇದನ್ನು ವಿವರಿಸಿ ಹೇಳಬೇಕಾ? ಕೆಆರ್‌ಎಸ್‌ನಲ್ಲಿ 124.80 ಅಡಿ ತುಂಬಿದ ಮೇಲೆ ಗೇಟ್ ತೆಗೆಯಲೇಬೇಕು. ಇಲ್ಲಿ ಮುಚ್ಚಿದರೆ ಅಲ್ಲಿ ತೆರೆಯಬೇಕು. ಆ ವಿಷಯ ಅಲ್ಲಿಗೇ ಬಿಟ್ಟೆ.

ಈಗ ದ್ರಾವಣ, ಕರೆಂಟು ಎರಡೂ ನಡೆಯುತ್ತಿವೆ. ಅರ್ಧ ಒಣಗಿದೆ. ಉಳಿದರ್ಧಕ್ಕೂ ಉಪಯೋಗವಿದೆ ಅನ್ನಿ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಗೆ ಒದ್ದೆ ಬಟ್ಟೆ ಹೊದಿಸಿ ಇಟ್ಟಿರುತ್ತಾರೆ. ನಾನು ಬರೀ ಕೈಯಲ್ಲಿ ತಂದರೂ ಎಲೆ ಬಾಡುವುದಿಲ್ಲ. ಕಳೆದ ಚುನಾವಣೆಯಲ್ಲಿ ಮತಗಟ್ಟೆಯ ಅಧಿಕಾರಿ ನನ್ನ ಬೆರಳು ನೋಡಿ "ಒರೆಸಿಕೊಳ್ಳಿ ಸಾರ್" ಅಂದರು. ಆ ಅಳಿಸದ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ 1962ರ ಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ, ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಆ ಉಪ್ಪು ಎಲ್ಲಿಂದ ಬರುತ್ತದೆ? ಬೆವರಿನಿಂದ. ದೊಡ್ಡಪ್ಪ ಬದುಕಿದ್ದಿದ್ದರೆ ಕಪ್ಪು ಬೆರಳು ತೋರಿಸಿ ವಾದ ಮಾಡುತ್ತಿದ್ದೆ.

ಮೊನ್ನೆ ಊರಿಗೆ ಹೋದಾಗ ಅವ್ವನ ಮುಂದೆ ಕೂತು ಡಾಕ್ಟರ ಕಥೆಯನ್ನೆಲ್ಲ ಹೇಳಿದೆ. ವಂಶದಲ್ಲಿ ಯಾರಿಗೂ ಇಲ್ಲವಲ್ಲ, ನನಗೆ ಎಲ್ಲಿಂದ ಬಂತು ಅಂದೆ. ಅವ್ವ ಏನೂ ಮಾತಾಡದೆ ಅಂಗೈ ಚಾಚಿದಳು. ಒಲೆ ಹೊತ್ತಿಸಿರಲಿಲ್ಲ, ಪಾತ್ರೆ ಮುಟ್ಟಿರಲಿಲ್ಲ. ಅಂಗೈ ತೊಪ್ಪೆಯಾಗಿತ್ತು.

"ಅಪ್ಪನಿಗೆ ಗೊತ್ತಿತ್ತಾ?"

"ಮದ್ವೆ ದಿನ ನಂಗೂ ಅದೇ ಹೆದ್ರಿಕೆ," ಅಂದಳು ಅವ್ವ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಕೈ ಮೇಲ್ ಕೈ ಇಟ್ಟು ಹಾಲು ಹುಯ್ದುಬಿಟ್ರು. ಧಾರೆ ಹಾಲ್ನಲ್ಲಿ ಯಾರಿಗ್ ಗೊತ್ತಾಯ್ತದೆ?"